ಸೂಪರ್ ಗ್ಲೂ ಮೆತ್ತಿದ ಹಳೇ ಪಾರ್ಕರ್ 51: ಬಿಚ್ಚಿ, ತೊಳೆದು, ಮತ್ತೆ ಬರೆಸುವ ಬಗೆ

‘ಲೀಕ್ ನಿಂತಿತು ನೋಡು’ ಅಂತ ಅಣ್ಣ ಅಪ್ಪನ ಪೆನ್ನನ್ನು ನನ್ನ ಕೈಗಿಟ್ಟ. ಲೀಕ್ ನಿಂತಿದ್ದು ನಿಜ. ಅದರ ಜೊತೆಗೆ ಪೆನ್ನು ಬರೆಯುವುದೂ ನಿಂತಿತ್ತು, ಬ್ಯಾರಲ್ ತಿರುಗುವುದೂ ನಿಂತಿತ್ತು. ಉಂಗುರದ ಸುತ್ತ ಗಾಜಿನ ಎಳೆಯಂತೆ ಅಂಟು ಗಟ್ಟಿಯಾಗಿತ್ತು. ಅದರ ಪಕ್ಕದಲ್ಲೇ ಅವನ ಹೆಬ್ಬೆಟ್ಟಿನ ಗುರುತು, ರಿಜಿಸ್ಟ್ರಾರ್ ಆಫೀಸಿನಲ್ಲಿ ಒತ್ತಿದಷ್ಟು ಸ್ಪಷ್ಟವಾಗಿ, ಬೆಳ್ಳಗೆ ಮೂಡಿತ್ತು.

ಅಣ್ಣನನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಎಲ್ಲಿ ಸೋರುತ್ತಿದೆ ಅಂತ ಸರಿಯಾಗಿಯೇ ಕಂಡುಹಿಡಿದಿದ್ದ. ಹಾಕಿದ ಮದ್ದು ಮಾತ್ರ ತಪ್ಪು. ಆ ಪೆನ್ನನ್ನು ಹದಿನಾಲ್ಕು ದಿನ ಹಿಡಿದು ಸರಿಮಾಡಿದ ಕ್ರಮ ಇಲ್ಲಿದೆ. ನಿಮ್ಮ ಮನೆಯ ಬೀರುವಿನಲ್ಲೂ ಇಂಥದ್ದೊಂದು ಇದ್ದರೆ, ಮತ್ತು ಮನೆಯಲ್ಲಿ ಇಂಥ ಅಣ್ಣನೊಬ್ಬ ಇದ್ದರೆ, ಉಪಯೋಗಕ್ಕೆ ಬಂದೀತು.

ಪೆನ್ನಿನ ಒಳಗೇನಿದೆ

ಪಾರ್ಕರ್ 51 ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಎಂಬ ಊರಿನ ಪೆನ್ನು. 1888ರಲ್ಲಿ ಶುರುವಾದ ಕಂಪನಿಗೆ 1939ರಲ್ಲಿ 51 ತುಂಬಿತು, ಹೆಸರು ಅದರಿಂದ ಬಂತು. ಪೂರ್ತಿ ಪ್ರಮಾಣದಲ್ಲಿ ಮಾರುಕಟ್ಟೆಗೆ ಬಂದದ್ದು 1941ರಲ್ಲಿ. ಮೊದಲು ಇಂಕು ತುಂಬಿಸುವ ಏರ್ಪಾಡು ಬೇರೆ ಇತ್ತು. 1948ರಿಂದ ಏರೋಮೆಟ್ರಿಕ್ ಬಂತು: ಬ್ಯಾರಲ್ ಬಿಚ್ಚಿದರೆ ಒಳಗೊಂದು ಲೋಹದ ಕವಚ, ಅದರ ಪಟ್ಟಿ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಚೀಲ ಅಮುಕಿ ಇಂಕು ಎಳೆದುಕೊಳ್ಳುತ್ತದೆ. ನಮ್ಮಲ್ಲಿ ಸಿಗುವ ಹಳೆಯ 51ಗಳಲ್ಲಿ ನಾನು ಹೆಚ್ಚಾಗಿ ನೋಡಿರುವುದು ಇದನ್ನೇ. ಅಪ್ಪನದೂ ಇದೇ, ಬರ್ಗಂಡಿ ಬಣ್ಣದ್ದು.

ರಿಪೇರಿಗೆ ಬೇಕಾಗುವಷ್ಟು ಅಂಗರಚನೆ ಇಷ್ಟೇ. ಪೆನ್ನಿನ ನಡುವೆ ಎರಡೂ ಕಡೆ ತಿರುಪು ಇರುವ ಒಂದು ಕೊಳವೆ, ಅದು ಕನೆಕ್ಟರ್. ಅದರ ಹಿಂದಿನ ತಿರುಪಿಗೆ ಬ್ಯಾರಲ್ ಕೂರುತ್ತದೆ, ಮುಂದಿನ ತಿರುಪಿಗೆ ನಿಬ್ಬನ್ನು ಮುಚ್ಚುವ ಹುಡ್. ಎರಡರ ನಡುವೆ ಕ್ಯಾಪ್ ಹಿಡಿದುಕೊಳ್ಳುವ ಲೋಹದ ಉಂಗುರ. ಹುಡ್ಡಿನ ಒಳಗೆ ತೆಳ್ಳನೆ ಬಿಲ್ಲೆಗಳನ್ನು ಒತ್ತಾಗಿ ಪೋಣಿಸಿದಂತೆ ಕಾಣುವ ಕಲೆಕ್ಟರ್, ಅದರ ತುದಿಯಲ್ಲಿ ನಿಬ್ಬು, ನಿಬ್ಬಿನ ಅಡಿಯಲ್ಲಿ ನಾಲಿಗೆ. ಕೈ ಬಿಸಿಗೆ ಚೀಲದೊಳಗಿನ ಗಾಳಿ ಹಿಗ್ಗಿ ಇಂಕನ್ನು ಮುಂದೆ ತಳ್ಳಿದಾಗ ಆ ಹೆಚ್ಚುವರಿ ಇಂಕು ಬಿಲ್ಲೆಗಳ ಸಂದಿನಲ್ಲಿ ನಿಲ್ಲಬೇಕು. ಹುಡ್ ಮತ್ತು ಕನೆಕ್ಟರ್ ನಡುವಿನ ಬೆಸುಗೆ ಬಿಗಿಯಾಗಿದ್ದರೆ ಮಾತ್ರ ಅಲ್ಲಿ ನಿಲ್ಲುತ್ತದೆ, ಇಲ್ಲದಿದ್ದರೆ ಉಂಗುರದ ಬಳಿ ಹೊರಗೆ ಬಂದು ಬೆರಳಿಗೆ ಮೆತ್ತುತ್ತದೆ. ಆ ಬೆಸುಗೆಗೆ ಮೂಲದಲ್ಲಿ ಬಳಸುತ್ತಿದ್ದದ್ದು ಶೆಲ್ಯಾಕ್, ಅಂದರೆ ಅರಗು. ಚನ್ನಪಟ್ಟಣದ ಗೊಂಬೆಗಳ ಮೇಲೆ ಮಿರುಗುವುದೂ ಅದೇ ಕುಲದ್ದು. ಐವತ್ತು ಅರವತ್ತು ವರ್ಷ ಕಳೆದರೆ ಅದು ಒಣಗಿ ಬಿರುಕು ಬಿಡುತ್ತದೆ. ನಮ್ಮಲ್ಲಿ ಆಗಿದ್ದು ಅಷ್ಟೇ.

ಅರಗಿನ ಗುಣವೆಂದರೆ ಬಿಸಿ ಮಾಡಿದರೆ ಬಿಟ್ಟುಕೊಡುತ್ತದೆ. ಪೆನ್ನು ಮಾಡಿದವರಿಗೆ ಅದನ್ನು ಮುಂದೊಂದು ದಿನ ಯಾರಾದರೂ ಬಿಚ್ಚಬೇಕಾಗುತ್ತದೆ ಅಂತ ಗೊತ್ತಿತ್ತು. ಸೂಪರ್ ಗ್ಲೂಗೆ ಅಂಥ ದಾಕ್ಷಿಣ್ಯವಿಲ್ಲ.

ಮೊದಲ ದಿನ ಏನೂ ಮಾಡಬೇಡಿ

ಅಂಟು ಈಗಷ್ಟೇ ಚೆಲ್ಲಿದ್ದರೂ ಹತ್ತಿಯಿಂದ ಒರೆಸಬೇಡಿ. ಸೂಪರ್ ಗ್ಲೂ ಹತ್ತಿಯನ್ನು ಮುಟ್ಟಿದರೆ ಥಟ್ಟನೆ ಗಟ್ಟಿಯಾಗುತ್ತಾ ಬಿಸಿ ಹೊರಡಿಸುತ್ತದೆ. ಹತ್ತಿಯ ಎಳೆಗಳು ಪೆನ್ನಿಗೂ ಬೆರಳಿಗೂ ಸೇರಿ ಅಂಟಿಕೊಳ್ಳುತ್ತವೆ, ಚರ್ಮ ಸುಡುವುದೂ ಉಂಟು. ಪ್ಲಾಸ್ಟಿಕ್ ಹಾಳೆಯ ಅಂಚಿನಿಂದ ಮೇಲಿನ ಹನಿಯನ್ನು ಒಮ್ಮೆ ಬಳಿದು ತೆಗೆಯಿರಿ, ಸಾಕು. ಕ್ಯಾಪ್ ಹಾಕಬೇಡಿ. ಅಂಟಿನ ಹಬೆ ಒಳಗೆ ಕೂತು ಕ್ಯಾಪಿನ ಒಳಭಾಗಕ್ಕೂ ಬಿಳಿ ಹಿಡಿಯುತ್ತದೆ.

ಅಣ್ಣನ ಹೆಬ್ಬೆಟ್ಟು ಬೆಳ್ಳಗೆ ಮೂಡಿದ್ದರ ಗುಟ್ಟೂ ಇದೇ. ಈ ಹಬೆ ಬೆರಳಚ್ಚಿನ ಬೆವರು, ಜಿಡ್ಡಿನ ಮೇಲೆ ಹೋಗಿ ಕೂತು ಗಟ್ಟಿಯಾಗುತ್ತದೆ. ಪೊಲೀಸ್ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಎಬ್ಬಿಸಲು ಬೇಕೆಂದೇ ಹೀಗೆ ಮಾಡುತ್ತಾರೆ. ನಮ್ಮ ಮನೆಯಲ್ಲಿ ಆರೋಪಿ ತಾನಾಗಿಯೇ ಸಾಕ್ಷ್ಯ ಒದಗಿಸಿದ್ದ.

ಆಮೇಲೆ ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಿಡಿದು ನೋಡಿ. ಅಂಟು ಎಲ್ಲೆಲ್ಲಿಗೆ ಹೋಗಿದೆ? ಉಂಗುರದ ಹಿಂದೆ ಮಾತ್ರವೋ, ಮುಂದೆಯೂ ಇದೆಯೋ? ನಿಬ್ಬಿನ ಸೀಳಿನಲ್ಲಿ ಹೊಳಪು ಕಾಣುತ್ತದೆಯೋ? ನಾಲ್ಕೂ ಕಡೆಯಿಂದ ಫೋನಿನಲ್ಲಿ ಫೋಟೊ ತೆಗೆದಿಡಿ. ಮತ್ತೆ ಜೋಡಿಸುವಾಗ ನಿಬ್ಬು ಹುಡ್ಡಿನ ಮೂತಿಗೆ ಯಾವ ಲೆಕ್ಕದಲ್ಲಿ ಕೂತಿತ್ತು, ಎಷ್ಟು ಹೊರಗೆ ಚಾಚಿತ್ತು ಅನ್ನುವುದಕ್ಕೆ ಬೇರೆ ದಾಖಲೆ ಇರುವುದಿಲ್ಲ.

ಅಸಿಟೋನ್ ಬಾಟಲಿ ದೂರ ಇಡಿ

ಯಾರನ್ನು ಕೇಳಿದರೂ ಬರುವ ಮೊದಲ ಸಲಹೆ ‘ನೇಲ್ ಪಾಲಿಶ್ ರಿಮೂವರ್ ಹಾಕು’. ಈ ಪೆನ್ನಿನ ಮಟ್ಟಿಗೆ ಅದು ಕೊಲೆ.

ಪಾರ್ಕರ್ 51ರ ಮೈ ಲ್ಯೂಸೈಟ್, ಅಂದರೆ ಅಕ್ರಿಲಿಕ್. ಎರಡನೇ ಮಹಾಯುದ್ಧದ ವಿಮಾನಗಳ ಗಾಜಿನಂಥ ಮುಸುಕುಗಳನ್ನು ಮಾಡಿದ್ದೂ ಇದೇ ಜಾತಿಯ ಪ್ಲಾಸ್ಟಿಕ್ಕಿನಿಂದ. ಸೂಪರ್ ಗ್ಲೂ ಸಿಕ್ಕಿದ್ದೂ ಆ ಯುದ್ಧದ ಕಾಲದಲ್ಲೇ. 1942ರಲ್ಲಿ ಹ್ಯಾರಿ ಕೂವರ್ ಎಂಬ ರಸಾಯನಶಾಸ್ತ್ರಜ್ಞ ಬಂದೂಕಿನ ಗುರಿಗಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಇದು ಕೈಗೆ ಬಂತು, ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಬದಿಗಿಟ್ಟರು. ಅಂಗಡಿಗೆ ಬಂದದ್ದು 1958ರಲ್ಲಿ. ರಾಸಾಯನಿಕವಾಗಿ ಅಂಟಿನ ಸೈನೊಅಕ್ರಿಲೇಟೂ ಪೆನ್ನಿನ ಅಕ್ರಿಲಿಕ್ಕೂ ದಾಯಾದಿಗಳು. ಒಂದನ್ನು ಕರಗಿಸುವ ದ್ರಾವಣ ಇನ್ನೊಂದನ್ನೂ ಕರಗಿಸುತ್ತದೆ. ಅಸಿಟೋನ್ ಹಚ್ಚಿದರೆ ಅಂಟಿನ ಜೊತೆ ಹುಡ್ಡೂ ಮೆತ್ತಗಾಗಿ, ಹೊಳಪು ಸತ್ತು, ಜೇಡರ ಬಲೆಯಂಥ ಬಿರುಕು ಏಳುತ್ತದೆ. ‘ಅಸಿಟೋನ್ ಇಲ್ಲದ’ ರಿಮೂವರುಗಳಲ್ಲಿ ಸಾಮಾನ್ಯವಾಗಿ ಇರುವ ಈಥೈಲ್ ಅಸಿಟೇಟೂ ಅಕ್ರಿಲಿಕ್ಕಿಗೆ ಶತ್ರುವೇ. ಸ್ಪಿರಿಟ್ ಕೂಡ ಬೇಡ.

ನಿಮ್ಮ ಪೆನ್ನು 51 ಅಲ್ಲದಿದ್ದರೆ ಮೊದಲು ಅದರ ಜಾತಿ ತಿಳಿಯಿರಿ. ಹೆಬ್ಬೆರಳಿನಿಂದ ಬ್ಯಾರಲ್ಲನ್ನು ಬಿಸಿಯಾಗುವ ತನಕ ಗಸಗಸ ಉಜ್ಜಿ ಮೂಸಿ ನೋಡಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದಕ್ಕೆ ಅಸಿಟೋನ್ ಅಕ್ರಿಲಿಕ್ಕಿಗಿಂತ ಬೇಗ ತಾಗುತ್ತದೆ, ಜೊತೆಗೆ ಬೆಂಕಿ ಹತ್ತಿದರೆ ಭಗ್ಗನೆ ಉರಿಯುವ ವಸ್ತು, ಮೇಣದಬತ್ತಿ ಹತ್ತಿರ ತರಬೇಡಿ. ಗಂಧಕದ ವಾಸನೆ ಬಂದರೆ ಎಬೊನೈಟ್, ಗಟ್ಟಿ ರಬ್ಬರು. ರಾಜಮಂಡ್ರಿಯ ಕೈಕಡೆತದ ಪೆನ್ನುಗಳು ಸೇರಿದಂತೆ ನಮ್ಮ ದೇಶದ ಎಷ್ಟೋ ಹಳೆಯ ಪೆನ್ನುಗಳು ಇದರವು. ಎಬೊನೈಟ್ ಅಸಿಟೋನಿಗೆ ಸುಲಭಕ್ಕೆ ಜಗ್ಗುವುದಿಲ್ಲ, ಆದರೆ ಬಿಸಿನೀರಿಗೆ ಹಾಕಿದರೆ ನೋಡನೋಡುತ್ತಲೇ ಕಪ್ಪು ಹೋಗಿ ಹಸಿರುಗಂದಾಗುತ್ತದೆ. ಅದಕ್ಕೆ ಒಣ ಬಿಸಿಯೇ ಸರಿ. ಅಂದರೆ ಕೆಳಗಿನ ನೀರಿನ ವಿಧಾನ ಅಕ್ರಿಲಿಕ್ ಪೆನ್ನಿಗೆ ಮಾತ್ರ.

ನೀರಿನಲ್ಲಿ ನಿಲ್ಲಿಸುವುದು

ಗಟ್ಟಿಯಾದ ಸೂಪರ್ ಗ್ಲೂ ನೀರಿನಲ್ಲಿ ಕರಗುವುದಿಲ್ಲ, ಆದರೆ ದಿನಗಟ್ಟಲೆ ನೆನೆದರೆ ಹಿಡಿತ ಸಡಿಲಿಸುತ್ತದೆ. ಅಕ್ರಿಲಿಕ್ಕಿಗೆ ತಣ್ಣೀರಿನಿಂದ ತೊಂದರೆಯಿಲ್ಲ. ದಾಯಾದಿಗಳ ನಡುವೆ ಇರುವ ಒಂದೇ ವ್ಯತ್ಯಾಸ ನಮಗೆ ಒದಗುವುದು ಇಲ್ಲೇ.

ಕಿರಿದಾದ ಗಾಜಿನ ಲೋಟ, ತಳದಲ್ಲಿ ಮಡಚಿದ ಬಟ್ಟೆ, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಬಿದ್ದ ನೀರು. ಪೆನ್ನನ್ನು ನಿಬ್ಬು ಕೆಳಗಾಗಿ ನಿಲ್ಲಿಸಿ, ಉಂಗುರದ ಮೇಲೆ ಒಂದು ಸೆಂಟಿಮೀಟರ್ ನೀರು ಬರಲಿ. ದಿನಕ್ಕೆರಡು ಸಲ ನೀರು ಬದಲಿಸಿ. ಒಳಗೆ ಒಣಗಿದ್ದ ಹಳೆಯ ಇಂಕೂ ಈ ನೆಪದಲ್ಲಿ ಇಳಿಯುತ್ತದೆ. ಮೊದಲ ಎರಡು ದಿನ ನಮ್ಮ ಲೋಟ ಶಾಲೆಯ ದವಾತಿನಂತೆ ಇತ್ತು, ಅಪ್ಪ ಕೊನೆಯ ಸಲ ತುಂಬಿಸಿದ ರಾಯಲ್ ಬ್ಲೂ.

ಮೂರನೇ ದಿನ ಕನ್ನಡಕದಂಗಡಿಗೆ ಹೋದೆ. ಅವರಲ್ಲಿ ಕನ್ನಡಕ ತೊಳೆಯುವ ಅಲ್ಟ್ರಾಸಾನಿಕ್ ಡಬ್ಬಿ ಇರುತ್ತದೆ. ಕೇಳಿಕೊಂಡರೆ ಪೆನ್ನಿನ ಮುಂಭಾಗವನ್ನು ಎರಡು ನಿಮಿಷ ಅದ್ದಿ ಕೊಡುತ್ತಾರೆ. ತಿರುಪಿನ ಸಂದಿಗೆ ನೀರು ನುಗ್ಗಲು ಅದು ಬಹಳ ಸಹಾಯ. ಆದರೆ ಬ್ಯಾರಲ್ಲಿನಲ್ಲಿ ಈಗಾಗಲೇ ಬಿರುಕಿದ್ದರೆ ಆ ಕಂಪನಕ್ಕೆ ಬಿರುಕು ಬೆಳೆಯುತ್ತದೆ, ಅಂಥದ್ದಕ್ಕೆ ಬೇಡ.

ಎಷ್ಟು ದಿನ? ನನಗೆ ಬ್ಯಾರಲ್ಲಿಗೆ ಒಂಬತ್ತು ದಿನ ಹಿಡಿಯಿತು. ನಿಮಗೆ ಮೂರಾಗಬಹುದು, ಇಪ್ಪತ್ತೂ ಆಗಬಹುದು. ದಿನಾ ಒಮ್ಮೆ ಬರಿಗೈಯಲ್ಲಿ ಮೆಲ್ಲಗೆ ತಿರುಚಿ ನೋಡಿ, ಬರದಿದ್ದರೆ ವಾಪಸ್ ಲೋಟಕ್ಕೆ. ಫ್ರೀಜರಿನಲ್ಲಿಟ್ಟು ಆಮೇಲೆ ಬಿಸಿ ಮಾಡುವವರೂ ಇದ್ದಾರೆ. ಅಂಟು ಚಳಿಗೆ ಪೆಡಸಾಗುವುದು ನಿಜ. ಆದರೆ ಎಪ್ಪತ್ತು ವರ್ಷದ ಅಕ್ರಿಲಿಕ್ಕೂ ಪೆಡಸಾಗುತ್ತದೆ, ನಾನಂತೂ ಆ ಜೂಜು ಆಡುವುದಿಲ್ಲ.

ಬಿಸಿ ಕೊಟ್ಟು ತಿರುಚುವುದು

ಕಿಟಕಿ ತೆರೆದಿಡಿ, ಬಿಸಿಯಾದ ಅಂಟಿನ ಹಬೆಗೆ ಕಣ್ಣು ಮೂಗು ಉರಿಯುತ್ತವೆ. ಬೇಕಾದದ್ದು ಹೇರ್ ಡ್ರೈಯರ್ ಮತ್ತು ಹಳೆಯ ಸೈಕಲ್ ಟ್ಯೂಬಿನ ಎರಡು ತುಂಡು. ಇಕ್ಕಳ ಬೇಡವೇ ಬೇಡ.

ಸುಮಾರು 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಅಕ್ರಿಲಿಕ್ ಮೆತ್ತಗಾಗಿ ಆಕಾರ ಕೆಡುತ್ತದೆ. ಅರಗು 70ರ ಆಸುಪಾಸಿನಲ್ಲೇ ಸಡಿಲವಾಗುತ್ತದೆ, ನೆನೆದು ಸೋತ ಸೂಪರ್ ಗ್ಲೂ ಕೂಡ ಈ ಬಿಸಿಗೆ ಬಾಗುತ್ತದೆ. ನಮ್ಮ ಆಟವೆಲ್ಲ ಈ ಎರಡರ ನಡುವಿನ ಜಾಗದಲ್ಲಿ. ಥರ್ಮಾಮೀಟರ್ ಬೇಕಿಲ್ಲ, ನಿಮ್ಮ ಬೆರಳೇ ಸಾಕು: ಡ್ರೈಯರ್ ದೂರ ಹಿಡಿದು, ಪೆನ್ನನ್ನು ಜೋಳದ ತೆನೆ ಸುಡುವಂತೆ ಸುತ್ತಲೂ ತಿರುಗಿಸುತ್ತಾ ಹದಿನೈದು ಸೆಕೆಂಡು ಕೊಡಿ, ಮುಟ್ಟಿ ನೋಡಿ. ಹಿಡಿಯಲಾಗದಷ್ಟು ಬಿಸಿಯಾದರೆ ಜಾಸ್ತಿಯಾಯಿತು, ತಣಿಯಲು ಬಿಡಿ. ಬಿಸಿ ಉಂಗುರದ ಆಸುಪಾಸಿಗೆ ಮಾತ್ರ ತಾಗಲಿ. ಅದರ ಹಿಂದೆಯೇ ಇಂಕಿನ ಚೀಲ ಶುರುವಾಗುತ್ತದೆ, ಅದು ಪ್ಲಾಸ್ಟಿಕ್ಕಿನದು.

ಮೊದಲು ಬ್ಯಾರಲ್. ಒಂದು ಟ್ಯೂಬಿನ ತುಂಡು ಬ್ಯಾರಲ್ಲಿಗೆ, ಇನ್ನೊಂದು ಹುಡ್ಡಿಗೆ, ಎರಡೂ ಉಂಗುರಕ್ಕೆ ಆದಷ್ಟು ಹತ್ತಿರ. ದೂರ ಹಿಡಿದು ತಿರುಚಿದರೆ ಬಲವೆಲ್ಲ ಬ್ಯಾರಲ್ಲಿನ ತೆಳು ಬಾಯಿಗೆ ಬಿದ್ದು ಸೀಳುತ್ತದೆ. ಒಂದೇ ದಿಕ್ಕಿಗೆ ಜೋರಾಗಿ ಎಳೆಯಬೇಡಿ. ಕೂದಲೆಳೆಯಷ್ಟು ಆ ಕಡೆ, ಕೂದಲೆಳೆಯಷ್ಟು ಈ ಕಡೆ. ಬಿಸಿ, ತಿರುಚು, ಬಿಡು. ಮತ್ತೆ ಬಿಸಿ.

ಒಂಬತ್ತನೇ ದಿನ ರಾತ್ರಿ ಏಳನೆಯದೋ ಎಂಟನೆಯದೋ ಸುತ್ತಿನಲ್ಲಿ ಹಪ್ಪಳ ಮುರಿದಂತೆ ‘ಟಿಕ್’ ಅಂತ ಸಣ್ಣದೊಂದು ಸದ್ದಾಯಿತು. ನನ್ನ ಎದೆ ಧಸಕ್ಕೆಂದಿತು, ಬ್ಯಾರಲ್ ಸೀಳಿತು ಅಂದುಕೊಂಡೆ. ದೀಪಕ್ಕೆ ಹಿಡಿದು ನೋಡಿದರೆ ಉಂಗುರದ ಸುತ್ತಲಿದ್ದ ಗಾಜಿನೆಳೆ ಮಾತ್ರ ತುಂಡಾಗಿತ್ತು. ಆಮೇಲೆ ಬ್ಯಾರಲ್ ಕರಕರ ಎನ್ನುತ್ತಾ ತಿರುಗಿತು, ತಿರುಪಿನಿಂದ ಬಿಳಿ ಪುಡಿ ಉದುರಿತು. ಸೀಳಿದ ಸದ್ದಿಗೂ ಅಂಟು ಬಿಟ್ಟ ಸದ್ದಿಗೂ ಕಿವಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಪ್ರತಿ ಸದ್ದಿಗೂ ನಿಲ್ಲಿಸಿ, ನೋಡಿ, ಆಮೇಲೆ ಮುಂದುವರಿಯಿರಿ.

ಬ್ಯಾರಲ್ ಬಂದ ಮೇಲೆ ಹುಡ್ ಸುಲಭ ಅನ್ನಲಾರೆ. ಅಲ್ಲಿ ಹಳೆಯ ಅರಗೂ ಇದೆ, ಹೊಸ ಅಂಟೂ ಇದೆ. ಮತ್ತೆ ನೆನೆಹಾಕಿದೆ, ನಾಲ್ಕು ದಿನ. ಇಲ್ಲಿ ಬಿಸಿಗೆ ಡ್ರೈಯರ್ ಬದಲು ಸುಮಾರು 65 ಡಿಗ್ರಿಯ ನೀರಿನಲ್ಲಿ ಉಂಗುರದವರೆಗೆ ಅದ್ದುವುದೂ ಆಗುತ್ತದೆ, ಸ್ಟೀಲ್ ಲೋಟದ ಕಾಫಿ ಕೈಯಲ್ಲಿ ಹಿಡಿಯಲಾಗದಷ್ಟಿದ್ದರೆ ಸರಿಸುಮಾರು ಅಷ್ಟು. ಹುಡ್ಡನ್ನು ಹಿಡಿಯುವಾಗ ನಿಬ್ಬಿನ ತುದಿಗೆ ಕೈ ತಾಗದಿರಲಿ, ಕನೆಕ್ಟರನ್ನು ಅದರ ತಿರುಪಿನ ಮೇಲೆ ಟ್ಯೂಬ್ ಸುತ್ತಿ ಹಿಡಿಯಿರಿ. ಲೋಹದ ಕವಚವನ್ನು ಹಿಡಿದು ತಿರುಚಬೇಡಿ.

ಇಷ್ಟಾದರೂ ಬರಲಿಲ್ಲವೆಂದರೆ ಪೆನ್ನು ರಿಪೇರಿ ಬಲ್ಲವರಿಗೆ ಕೊಡಿ. ಹುಡ್ ಸೀಳಿದರೆ ಬದಲಿ ಸಿಗುತ್ತದೆ. ಆದರೆ ಬಣ್ಣ ಹೊಂದುವ ಬ್ಯಾರಲ್ ಹುಡುಕುವುದು ಹೆಣ್ಣು ನೋಡಲು ಹೊರಟಷ್ಟೇ ತಿರುಗಾಟ.

ಒಳಗಿನ ಕೊಳೆ

ಹುಡ್ ಬಂದರೆ ಕಲೆಕ್ಟರ್ ಕಾಣುತ್ತದೆ. ನೇರವಾಗಿ ಮುಂದಕ್ಕೆ ಎಳೆದರೆ ನಿಬ್ಬು, ನಾಲಿಗೆ, ಹಿಂದಿನ ಸಣ್ಣ ಉಸಿರುಕೊಳವೆ ಎಲ್ಲ ಒಟ್ಟಿಗೆ ಬರುತ್ತವೆ. ಕೊಳವೆ ಬಗ್ಗದಂತೆ ನೋಡಿಕೊಳ್ಳಿ, ಚೀಲ ಪೂರ್ತಿ ತುಂಬಬೇಕಾದರೆ ಅದು ನೆಟ್ಟಗಿರಬೇಕು.

ಚಿನ್ನದ ನಿಬ್ಬನ್ನು ಬೇರೆ ಮಾಡಿದ ಮೇಲೆ ಅದೊಂದಕ್ಕೆ ಅಸಿಟೋನ್ ಧಾರಾಳವಾಗಿ ಬಳಸಬಹುದು, ಉಂಗುರಕ್ಕೂ ಸರಿ. ಸಣ್ಣ ಗಾಜಿನ ಬಟ್ಟಲಲ್ಲಿ ಹತ್ತು ನಿಮಿಷ ಮುಳುಗಿಸಿ, ಹಳೆಯ ಟೂತ್‌ಬ್ರಶ್ಶಿನಿಂದ ಮೆಲ್ಲಗೆ ಉಜ್ಜಿ, ನೀರಿನಲ್ಲಿ ತೊಳೆಯಿರಿ. ಆ ಬಟ್ಟಲು, ಆ ಕೈ ಎರಡನ್ನೂ ತೊಳೆದ ಮೇಲೆಯೇ ಉಳಿದ ಭಾಗ ಮುಟ್ಟಬೇಕು. ನನ್ನ ಬೆರಳಿನಲ್ಲಿದ್ದ ಒಂದು ಹನಿ ಹುಡ್ಡಿನ ಒಳಬದಿಯಲ್ಲಿ ಇವತ್ತಿಗೂ ಕಲೆಯಾಗಿ ಉಳಿದಿದೆ. ಪುಣ್ಯಕ್ಕೆ ಹೊರಗೆ ಕಾಣದು.

ತಿರುಪಿನಲ್ಲಿ ಕೂತ ಅಂಟನ್ನು ಬಿದಿರಿನ ಕಡ್ಡಿಯನ್ನು ಚೂಪು ಮಾಡಿ, ತಿರುಪು ಹೋದ ದಾರಿಯಲ್ಲೇ ಸುತ್ತುತ್ತಾ ಕೆತ್ತಿ. ಸೂಜಿ ಬಳಸಿದರೆ ಅಕ್ರಿಲಿಕ್ಕಿನಲ್ಲಿ ಹೊಸ ತಿರುಪು ಹುಟ್ಟಿಕೊಳ್ಳುತ್ತದೆ. ಕಲೆಕ್ಟರಿನ ಬಿಲ್ಲೆಗಳ ಸಂದು ಬಹಳ ಕಿರಿದು, ಅಲ್ಲಿ ಕಡ್ಡಿಯೂ ಬೇಡ. ಮಕ್ಕಳ ಮೂಗು ಶುಚಿಮಾಡುವ ರಬ್ಬರ್ ಬುರುಡೆಯಿಂದ ನೀರು ನುಗ್ಗಿಸಿ, ನೀರು ತಿಳಿಯಾಗುವ ತನಕ. ನಮ್ಮದರಲ್ಲಿ ಎರಡು ಸಂದು ಮುಚ್ಚೇ ಹೋಗಿದ್ದವು, ಹಾಗೇ ಬಿಟ್ಟೆ. ಉಳಿದವು ಕೆಲಸ ಮಾಡುತ್ತಿವೆ.

ಮೇಲಿನ ಮಬ್ಬು

ಹೊರಗೆ ಉಬ್ಬಿ ನಿಂತ ಅಂಟಿನ ಹನಿಯನ್ನು ಉಗುರಿನಿಂದ ಎಬ್ಬಬೇಡಿ, ಪ್ಲಾಸ್ಟಿಕ್ಕಿನ ಚಕ್ಕೆ ಹಿಡಿದುಕೊಂಡೇ ಏಳುತ್ತದೆ. ಸುತ್ತ ಟೇಪ್ ಹಚ್ಚಿ ಹನಿಯನ್ನು ಮಾತ್ರ 2000 ನಂಬರಿನ ವಾಟರ್ ಪೇಪರಿನಿಂದ, ನೀರು ಹಾಕಿಕೊಂಡು, ಮಟ್ಟವಾಗುವ ತನಕ ಉಜ್ಜಿ. ಆಮೇಲೆ ಟೇಪ್ ತೆಗೆದು ಇನ್ನೂ ನಯವಾದ ಪೇಪರು, ಕೊನೆಗೆ ಕಾರಿನ ಬಣ್ಣಕ್ಕೆ ಹಾಕುವ ನಯವಾದ ರಬ್ಬಿಂಗ್ ಕಾಂಪೌಂಡನ್ನು ಹಳೆಯ ಬನಿಯನ್ ಬಟ್ಟೆಗೆ ಹಚ್ಚಿ. ಬರಿ ಬಿಳಿ ಮಬ್ಬಾದರೆ ಪೇಪರ್ ಬೇಡ, ಕಾಂಪೌಂಡ್ ಸಾಕು. ಅನೇಕ 51ಗಳಲ್ಲಿ ಕಂಪನಿಯ ಅಚ್ಚು ಬ್ಯಾರಲ್ಲಿನ ಬಾಯಿಯ ಹತ್ತಿರವೇ ಇರುತ್ತದೆ, ಅದರ ಮೇಲೆ ಟೇಪ್ ಹಚ್ಚಿಯೇ ಕೆಲಸ ಶುರು ಮಾಡಿ. ಅಳಿಸಿಹೋದರೆ ಮತ್ತೆ ಬರುವುದಿಲ್ಲ.

ಬಿಟ್ಟುಕೊಡುವ ಅಂಟು

ಈಗ ಅಣ್ಣ ಮಾಡಲು ಹೊರಟಿದ್ದ ಕೆಲಸ: ಹುಡ್ಡಿನ ಬೆಸುಗೆ. ಶೆಲ್ಯಾಕ್ ಆಗುತ್ತದೆ, ಆದರೆ ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ್ದು, ಒಣಗಿದರೆ ಪೆಡಸು. ನನಗೆ ಇಷ್ಟ ರಾಳ. ಪಿಟೀಲಿನ ಕಮಾನಿಗೆ ಉಜ್ಜುತ್ತಾರಲ್ಲ, ಅದೇ. ಒಂದು ಚಿಕ್ಕ ತುಂಡನ್ನು ಪುಟ್ಟ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಕುದಿಯುವ ನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಹರಳೆಣ್ಣೆ ಒಂದೊಂದೇ ಹನಿ ಬೆರೆಸಿ. ನೇರ ಉರಿಗೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಹದ ನೋಡುವುದು ಪಾಕ ನೋಡಿದಂತೆ: ಒಂದು ತೊಟ್ಟು ತಣಿಸಿ ಎರಡು ಬೆರಳ ನಡುವೆ ಹಿಡಿದರೆ ಅಂಟಬೇಕು, ಹರಿಯಬಾರದು.

ಕಲೆಕ್ಟರ್ ಕೂರಿಸಿ, ಉಂಗುರ ತೊಡಿಸಿ. ಕಡ್ಡಿಯ ತುದಿಯಿಂದ ಕನೆಕ್ಟರಿನ ಮುಂದಿನ ತಿರುಪಿನ ಸುತ್ತ, ಉಂಗುರದ ಕಡೆಗೆ, ಒಂದೇ ಒಂದು ತೆಳು ಗೆರೆ ಎಳೆಯಿರಿ. ಕಲೆಕ್ಟರಿನ ಕಡೆಗೆ ಹಚ್ಚಿದರೆ ಬಿಲ್ಲೆಗಳು ತುಂಬಿಕೊಳ್ಳುತ್ತವೆ. ಹುಡ್ಡನ್ನು ಸ್ವಲ್ಪ ಬೆಚ್ಚಗೆ ಮಾಡಿ ತಿರುಗಿಸಿ. ಪೂರ್ತಿ ಕೂತಾಗ ನಿಬ್ಬು ಹುಡ್ಡಿನ ಮೂತಿಯ ನಡುಮಧ್ಯಕ್ಕೆ ಬರಬೇಕು. ಬರದಿದ್ದರೆ ಬಿಚ್ಚಿ, ಕಲೆಕ್ಟರನ್ನು ತುಸು ತಿರುಗಿಸಿ, ಮತ್ತೆ ಹಾಕಿ. ನಾನು ಐದು ಸಲ ಬಿಚ್ಚಿದೆ. ರಾಳ ಒಂದು ಸಲವೂ ಜಗಳವಾಡಲಿಲ್ಲ. ಬ್ಯಾರಲ್ಲಿನ ತಿರುಪಿಗೆ ಏನನ್ನೂ ಹಚ್ಚಬೇಡಿ. ಇಂಕು ತುಂಬಲು ಪ್ರತಿಸಲ ಬಿಚ್ಚುವ ಬಾಗಿಲು ಅದು.

ಮೊದಲು ನೀರು ತುಂಬಿಸಿ. ಎಷ್ಟು ಸಲ ಒತ್ತಬೇಕೆಂದು ಕವಚದ ಮೇಲೆಯೇ ಕೆತ್ತಿರುತ್ತದೆ, ಅಪ್ಪನದರ ಮೇಲೆ ಆರು. ಒತ್ತಿದ ಮೇಲೆ ಪ್ರತಿಸಲ ಮೂರು ಎಣಿಸುವಷ್ಟು ಕಾಯಿರಿ. ಪೆನ್ನನ್ನು ನಿಬ್ಬು ಕೆಳಗಾಗಿ ಟಿಶ್ಯೂ ಹಾಸಿದ ಲೋಟದಲ್ಲಿ ಒಂದು ರಾತ್ರಿ ನಿಲ್ಲಿಸಿ. ಬೆಳಿಗ್ಗೆ ನಿಬ್ಬಿನ ತುದಿ ತಾಗಿದಲ್ಲಿ ಒದ್ದೆಯಿರುವುದು ಸಹಜ, ಉಂಗುರದ ಸುತ್ತ ಒಣಗಿರಬೇಕು. ಅಲ್ಲಿ ತೇವ ಕಂಡರೆ ಹುಡ್ ಬಿಚ್ಚಿ ರಾಳ ಮತ್ತೆ ಹಚ್ಚಬೇಕು, ಹತ್ತು ನಿಮಿಷದ ಕೆಲಸ. ನೀರಿನಲ್ಲಿ ಪಾಸಾದ ಮೇಲೆ ಸಾಧಾರಣ ರಾಯಲ್ ಬ್ಲೂ ತುಂಬಿ. ಮಿನುಗುವ ಇಂಕು, ಶಾಶ್ವತ ಇಂಕು ಈ ಪೆನ್ನಿಗೆ ಬೇಡ, ಬಿಲ್ಲೆಗಳ ಸಂದಿನಲ್ಲಿ ಕೂತುಬಿಡುತ್ತವೆ.

ಹದಿನೈದನೇ ದಿನ ಅಣ್ಣನ ಕೈಗೆ ಕೊಟ್ಟೆ. ಕ್ಯಾಲೆಂಡರಿನ ಹಿಂಭಾಗದಲ್ಲಿ ಅಪ್ಪನ ಸಹಿಯನ್ನೇ ಹಾಕಲು ನೋಡಿದ, ಎರಡನೇ ಸಲಕ್ಕೆ ಸುಮಾರಾಗಿ ಬಂತು. ಉಂಗುರ ಮುಟ್ಟಿ ಬೆರಳು ನೋಡಿಕೊಂಡ, ಒಣಗಿತ್ತು. ‘ಆ ರಾಳ ಇನ್ನೂ ಮಿಕ್ಕಿದ್ರೆ ಸ್ವಲ್ಪ ಕೊಡೋ, ಕುಕ್ಕರ್ ಹಿಡಿ ಅಲ್ಲಾಡ್ತಿದೆ’ ಅಂದ.